ಟಾಕಿಗೆ ನಾದಿದ ಕಣಕ

ರಾಚಪ್ಪನಿಗೆ ನೆಲಕ್ಕೆ ಅಂಟಿದ ಮನೆ ಇರಲಿಲ್ಲ. ಅವನ ಹೆಣ ಹೊರಗೆ ತರಲು ಅಕ್ಕನ ಮಗ ಶಿವಪುತ್ರ ಅವನು ವಾಸವಿದ್ದ ಹಳೆಯ ಬಸ್ಸಿನ ಬಾಗಿಲ ಸಂದಿಗೆ ಹಾರೆ ಹಾಕಿ ಮೀಟುತ್ತಿದ್ದ.

ಬಾಗಿಲು ಜಗ್ಗಲಿಲ್ಲ. ಬಸ್ಸು ಎಡಕ್ಕೆ ಕುಸಿದು, ಹೊರಕ್ಕೆ ತೆರೆಯುವ ಬಾಗಿಲಿನ ಕೆಳಗಂಚು ಮೆಟ್ಟಿಲುಗಲ್ಲಿನ ಹಿಂದೆ ಸಿಕ್ಕಿಕೊಂಡಿತ್ತು. ಕಲ್ಲು ಒಡೆಯುವಂತಿರಲಿಲ್ಲ, ಆ ಬದಿಯ ಭಾರವೆಲ್ಲ ಈಗ ಅದರ ಮೇಲೆಯೇ ಇತ್ತು. ಕಿಟಕಿಗಳಿಗೆ ಸರಳು. ಸರಳಿನಾಚೆ ಮಂಚ, ಮಂಚದ ಮೇಲೆ ರಾಚಪ್ಪ, ಗೋಡೆಗೆ ಮುಖ ಮಾಡಿ. ಬೆಳಿಗ್ಗೆ ಟ್ರಾಲಿ ರಿಪೇರಿಗೆ ಬಂದವನೊಬ್ಬ ಇಣುಕಿ ನೋಡಿ ಕೂಗಿಕೊಂಡಿದ್ದ.

"ಬಿಡೋ ಮಾರಾಯಾ, ಸುಮ್ಮ ಯಾಕ ಬೆವರ ಸುರಸ್ತಿ," ಎಂದ ಗ್ಯಾಸ್ ಕಟರಿನ ಕಾಮಣ್ಣ. "ಹಿಂದಿನ ತಗಡು ಕೊಯ್ದು ಕೊಡ್ತೀನಿ, ಅರ್ಧ ತಾಸಿನ ಕೆಲಸ. ಹೆಂಗಿದ್ರೂ ನಾಳಿ ಗುಜರಿಗೆ ಹೋಗೂದ ಐತಲ್ಲ."

ರಸ್ತೆಯಾಚೆಯ ಚಹಾದಂಗಡಿಯಿಂದ ಗುರುಬಾಯಿ ಸೆರಗಿಗೆ ಕೈ ಒರೆಸುತ್ತ ಬಂದಳು. "ಕೊಯ್ಯಬ್ಯಾಡ್ರಿ. ಕಬ್ಬಿಣದ ಕಾಲಿನ ಮ್ಯಾಲ ಬಸ್ಸು ಎತ್ತಿದ್ರ ಬಾಗಲಾ ತೆರಿತೈತಿ."

"ಪಂಪ್ ಹೊಡದ ನೋಡೇನಿ ಬೇ," ಎಂದ ಶಿವಪುತ್ರ. "ಎಣ್ಣಿನ ಎಳೀವಲ್ದು."

"ಎಣ್ಣಿ ಟಾಕ್ಯಾಗಿನ ಜಾಲರಿ ಕಟ್ಟೈತಿ. ಹಳೀ ಎಣ್ಣಿ ಚೆಲ್ಲಿ, ಟಾಕಿ ಸ್ವಚ್ಛ ಮಾಡಿ, ಹೊಸಾ ಫಿಲ್ಟರ್ ಹಾಕಬೇಕು."

"ನಿನಗ ಹೆಂಗ ಗೊತ್ತು?"

ಗುರುಬಾಯಿ ಬಾಗಿಲನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಬೇಕಾದ್ದು ಬೇರೆಯೇ ಇತ್ತು. ಮೊನ್ನೆ ಬೆಳಗಿನಿಂದ ಮಧ್ಯಾಹ್ನದವರೆಗೆ ಈ ಬಸ್ಸಿನ ಕಡೆಯಿಂದ ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವ ಸದ್ದು ಬಂದಿತ್ತು. ಕೂಗಿದರೂ ಕೇಳದಂಥ ಕಬ್ಬಿನ ಟ್ರ್ಯಾಕ್ಟರುಗಳ ಹಾಡಿನ ಗದ್ದಲದಲ್ಲೂ ಅವಳಿಗೆ ಅದು ಕೇಳಿಸಿತ್ತು. ಗಾಡಿಯಡಿ ಏನೋ ರಿಪೇರಿ ಮಾಡುತ್ತಿದ್ದಾನೆ ಎಂದುಕೊಂಡು ಕಪ್ಪು ತೊಳೆದಿದ್ದಳು. ಅವನು ಬಡಿದದ್ದು ಹೊರಗಿನಿಂದಲೋ, ಒಳಗಿನಿಂದಲೋ? ಹಿಂದಿನಿಂದ ಕೊಯ್ದು ಹೆಣ ತೆಗೆದು ಬಸ್ಸನ್ನು ಗುಜರಿಗೆ ಹಾಕಿದರೆ, ಅವಳು ಆ ಬಾಗಿಲಿನ ಒಳಮೈ ನೋಡುವುದೇ ಇಲ್ಲ.

*

ಆ ಡೀಸೆಲ್ ಬಸ್ಸನ್ನು ೧೯೯೭ರಲ್ಲಿ ಸರ್ವೆಯವರು ತಂದಿದ್ದರು, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿರುವ ಊರುಗಳನ್ನು ಅಳೆಯಲು. ಒಳಗೆ ಮಂಚ, ಒಲೆ, ನೀರಿನ ಡ್ರಮ್ಮು. ನಾಲ್ಕು ಮೂಲೆಗೆ ಎಣ್ಣೆಯ ಒತ್ತಡಕ್ಕೆ ಏಳುವ ನಾಲ್ಕು ಕಬ್ಬಿಣದ ಕಾಲು. ಎಂಥ ಉಬ್ಬುತಗ್ಗಿನಲ್ಲೂ ಬಸ್ಸು ಸಪಾಟಾಗಿ ನಿಲ್ಲುತ್ತಿತ್ತು. ರಾಚಪ್ಪ ಡ್ರೈವರ್. ತನ್ನ ಊರನ್ನು ಅಳೆಯುವವರನ್ನೂ ಅವನೇ ಕರೆದೊಯ್ದಿದ್ದ. ಕೆಲಸ ಮುಗಿದ ಮೇಲೆ ಅವರು ಕೆಟ್ಟ ಎಂಜಿನ್ನಿನ ಬಸ್ಸನ್ನು ಬಾಡಗಂಡಿಯ ಫ್ಯಾಕ್ಟರಿ ರಸ್ತೆಯಲ್ಲಿ ಬಿಟ್ಟು ಹೋದರು. ರಾಚಪ್ಪನನ್ನೂ.

ಗಾಲಿ ಕೊಳೆತವು. ಬಸ್ಸು ಕಾಲಿನ ಮೇಲೆ ನಿಂತಿತು. ಹಳೆಯ ಸೀಲುಗಳು ಸೋರಿ ರಾತ್ರಿಗೆ ಒಂದು ಬೆರಳು ಇಳಿಯುತ್ತಿತ್ತು. ಬೆಳಿಗ್ಗೆ ಅವನು ಹೊರಗೆ ಬಂದು ಕೈಪಂಪು ಹೊಡೆದು ಮನೆಯನ್ನು ಎತ್ತುವನು, ಆಮೇಲೆ ಗುರುಬಾಯಿಯ ಚಹಾ. ಟಿಪ್ಪರು, ಟ್ರಾಲಿಗಳ ಹೈಡ್ರಾಲಿಕ್ ರಿಪೇರಿ ಮಾಡಿ ಉಂಡ.

ವರ್ಷಕ್ಕೊಮ್ಮೆ, ದಸರೆಯ ಖಂಡೇಪೂಜೆಯ ದಿನ, ಎಣ್ಣೆ ಬದಲಿಸುವನು. ಗುರುಬಾಯಿ ಗೋಧಿಹಿಟ್ಟು ನಾದಿ ಕೊಡಬೇಕು. ಅರಿವೆಯಿಂದ ಒರೆಸಿದರೆ ಎಳೆ ಉಳಿದು ಜಾಲರಿಗೆ ಕೂರುತ್ತದೆ. ಕಣಕ ಒತ್ತಿದರೆ ಟಾಕಿಯ ತಳದ ರಾಡಿ, ಕಬ್ಬಿಣದ ಪುಡಿ ಎಲ್ಲ ಅಂಟಿ ಬರುತ್ತದೆ.

"ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕ ನೋಡು," ಎನ್ನುವನು.

"ಇಪ್ಪತ್ತ ವರ್ಷ ಗಂಡಗ ಚಪಾತಿ ಮಾಡಿ ಹಾಕೇನಿ, ಸಾಯೂತನಾ ಒಂದ ಮಾತ ಅನಲಿಲ್ಲ. ನೀ ಬಸ್ಸಿನ ಸಲುವಾಗಿ ಹೆಸರಿಡ್ತಿ!"

"ಅದಕ್ಕ ಬಾಯಿಲ್ಲಲ್ಲ. ನಾ ಅಂತೀನಿ."

ಹೋದ ಖಂಡೇಪೂಜೆಗೆ ರನ್ನ ಬೆಳಗಲಿಯಿಂದ ಅವನ ಅಕ್ಕ ತಾರವ್ವ ಬಂದಿದ್ದಳು. ಪರಾತದಲ್ಲಿ ಹಿಟ್ಟು ಹಿಡಿದು ಬಂದ ಗುರುಬಾಯಿಯನ್ನು ಕಂಡು, "ಏನವ್ವಾ, ರಂಡಿಮುಂಡಿ ಮನಿ ಪರಾತ ನನ್ನ ತಮ್ಮನ ಮನಿ ಯಾವಾಗ ಸೇರ್ತು?" ಎಂದಳು. ನೆರೆದವರಲ್ಲಿ ಇಬ್ಬರು ನಕ್ಕರು. ರಾಚಪ್ಪ ಬೋಲ್ಟು ತಿರುವುತ್ತಿದ್ದ, ತಲೆ ಎತ್ತಲಿಲ್ಲ. ಗುರುಬಾಯಿ ಪರಾತ ಎತ್ತಿಕೊಂಡು ವಾಪಸು ಹೋದಳು.

ಅವಳು ಮತ್ತೆ ಆ ಕಡೆ ಹಾಯಲಿಲ್ಲ. ಅವನು ಚಹಾಕ್ಕೆ ಬರಲಿಲ್ಲ. ಎಣ್ಣೆಯನ್ನೂ ಬದಲಿಸಲಿಲ್ಲ. ಹಿಟ್ಟು ನಾದುವುದು ಅವನಿಗೇನು ಬರದ ಕೆಲಸವಲ್ಲ.

*

ಗುರುಬಾಯಿ ಬಸ್ಸಿನ ನೆರಳಲ್ಲೇ ಕೂತು ಹಿಟ್ಟಿಗೆ ನೀರು ಹಾಕಿದಳು. ತಾರವ್ವ ಅಳುವುದನ್ನು ನಿಲ್ಲಿಸಿ ಎದ್ದು ಬಂದಳು.

"ಹೆಣಾ ಇನ್ನ ಒಳಗೈತಿ. ಹಿಟ್ಟು ನಾದ್ತೀಯಾ? ಅಷ್ಟ ಹಸದೈತೇನ ಹೊಟ್ಟಿ?"

"ಉಣ್ಣಾಕ ಅಲ್ಲರಿ ಅಕ್ಕಾರ. ಟಾಕಿಗಿ."

"ಮಣ್ಣಾಗೂತನಾ ನಮ್ಮಲ್ಲಿ ಹಿಟ್ಟು ಮುಟ್ಟೂದಿಲ್ಲ. ಸತ್ತವಗೂ ಮರ್ಯಾದಿ ಇಲ್ಲೇನು?"

"ಐತ್ರಿ. ಅದಕ್ಕ ಬಾಗಲದಾಗ ಹೋಗ್ಲಿ ಅಂತೀನಿ. ಒಂದ ತಾಸ ಕೊಡ್ರಿ. ಆಗಲಿಲ್ಲಂದ್ರ ಕೊಯ್ರಿ."

"ಹೂಳಾಕ ಕುಣಿ ತಗದ ಕಾಯಾಕತ್ತಾರ," ಎಂದು ಗೊಣಗಿದ ಶಿವಪುತ್ರ. ಆದರೂ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ. "ಹೇಳಬೇ, ಯಾವ ನಟ್ಟು?"

ಹಳೆಯ ಎಣ್ಣೆ ಡಬ್ಬಿಗೆ ಇಳಿಯಿತು, ಕಪ್ಪಗೆ, ಕಮಟು ವಾಸನೆ. ಗುರುಬಾಯಿ ಮೊಣಕೈವರೆಗೆ ಕೈ ಇಳಿಸಿ ಟಾಕಿಯ ತಳಕ್ಕೆ ಕಣಕ ಒತ್ತಿ ಒತ್ತಿ ತೆಗೆದಳು. ಪ್ರತಿ ಉಂಡೆಯೂ ಕಪ್ಪಾಗಿ, ಮಿಣಿಮಿಣಿ ಪುಡಿ ಹೊತ್ತು ಬಂತು. ಜಾಲರಿಯ ಕಣ್ಣೆಲ್ಲ ಮುಚ್ಚಿದ್ದವು. ಅದನ್ನು ಡೀಸೆಲ್ಲಿನಲ್ಲಿ ತೊಳೆದಳು. ಹೊಸ ಫಿಲ್ಟರು, ಹೊಸ ಎಣ್ಣೆಯ ಡಬ್ಬಿ ಟಾಕಿಯ ಪಕ್ಕದ ಪೆಟ್ಟಿಗೆಯಲ್ಲೇ ಇದ್ದವು. ಅವನು ಹಬ್ಬಕ್ಕೆ ಮೊದಲೇ ತಂದಿಟ್ಟಿದ್ದ, ಸೀಲು ಒಡೆದಿರಲಿಲ್ಲ.

ಶಿವಪುತ್ರ ಪಂಪು ಹೊಡೆದ. ಏನೂ ಆಗಲಿಲ್ಲ. ಕಾಮಣ್ಣ ಕಟರು ಹೊತ್ತಿಸಲು ಬೆಂಕಿಪೊಟ್ಟಣ ತೆಗೆದ.

"ತಡಿಯಪಾ, ಗಾಳಿ ಸಿಕ್ಕೈತಿ," ಎಂದಳು ಗುರುಬಾಯಿ. ಪೈಪಿನ ನಟ್ಟು ತುಸು ಸಡಿಲಿಸಿದಳು. ನೊರೆ ಬಂತು, ಆಮೇಲೆ ಎಣ್ಣೆ. ನಟ್ಟು ಬಿಗಿದಳು. "ಈಗ ಹೊಡಿ."

ಕಾಲು ನರಳಿತು. ಬಸ್ಸು ಒಂದೊಂದೇ ಬೆರಳು ಮೇಲೆದ್ದಿತು. ಬಾಗಿಲಿನ ಅಂಚು ಕಲ್ಲನ್ನು ದಾಟಿದ್ದೇ ಅದು ತಾನಾಗಿ ತೆರೆದುಕೊಂಡು ಹೊರಗೋಡೆಗೆ ಬಡಿದು ನಿಂತಿತು.

"ಭಾಳ ಛಲೋ ಆತು ಬಿಡು," ಎಂದು ಕಾಮಣ್ಣ ಕಟರು ಸುತ್ತಿಟ್ಟ. ನಾಲ್ವರು ಒಳಗೆ ನುಗ್ಗಿದರು. ರಾಚಪ್ಪನನ್ನು ಬಾಗಿಲಿನಿಂದಲೇ ತಂದು, ವಿಭೂತಿ ಬಳಿದು ಕೂಡಿಸಿ, ಹೊತ್ತು ಇಳಿಯುವ ಮೊದಲೇ ಹೊತ್ತೊಯ್ದರು. ತಾರವ್ವ ಹಿಂದೆ ಬೋರಾಡಿಕೊಂಡು ಹೋದಳು. ಗುರುಬಾಯಿಗೆ ಬಾ ಎಂದು ಯಾರೂ ಹೇಳಲಿಲ್ಲ.

ಅವಳು ಬಸ್ಸು ಹತ್ತಿ ಬಾಗಿಲನ್ನು ಒಳಕ್ಕೆ ಎಳೆದುಕೊಂಡಳು. ಒಳಮೈಯಲ್ಲಿ, ಚಿಲಕದ ಸುತ್ತ ಹಸಿರು ಬಣ್ಣ ಎದ್ದು ತಗಡು ಹೊಳೆಯುತ್ತಿತ್ತು. ದುಂಡನೆಯ ತಗ್ಗುಗಳು. ಮೇಲಿನವು ಆಳ, ಕೆಳಕ್ಕೆ, ಕೂತ ಮನುಷ್ಯನ ಭುಜದೆತ್ತರಕ್ಕೆ ಬರುಬರುತ್ತ ಬರೀ ಗೀರು. ದೊಡ್ಡ ಪಾನಾ ನೆಲದ ಮೇಲಿತ್ತು.

ಉಗುರಿನಲ್ಲಿ, ಬೆರಳಸಂದಿಯಲ್ಲಿ ಕಪ್ಪು ಕಣಕ ಉಳಿದಿತ್ತು. ಎಣಿಕೆ ತಪ್ಪಬಾರದೆಂದು ಒಂದೊಂದು ತಗ್ಗಿಗೂ ಒಂದು ಚಿಟಿಕೆ ಅಂಟಿಸುತ್ತ ಬಂದಳು.

ಹಬ್ಬದಿಂದ ಇವತ್ತಿಗೆ ಎಂಬತ್ತೆಂಟು ದಿನ. ವಾಪಸು ಒಯ್ದದ್ದು ಒಂದು ಪರಾತ ಹಿಟ್ಟು. ಬಾಗಿಲಿಗೆ ಬಿದ್ದ ಪೆಟ್ಟು ನಲವತ್ತಮೂರು.