ಮಗುಚಿ ಹಾಕಿದ ಬೀದಿ

ಚಪ್ಪಲಿ ಅಂಗಡಿಯ ಗಾಜಿಗೆ ಬಿಸಿಲು ಹೊಡೆದು ಕಣ್ಣು ಚುಚ್ಚುತ್ತಿದೆ, ಹಾಳಾಗಿ ಹೋಗಲಿ, ಈ ಸಲವೂ ಹೊಂದಲಿಲ್ಲ — ಕ್ಯಾಮೆರಾದ ಪರದೆಗೆ ಅಂಟಿಸಿದ ಪಾರದರ್ಶಕ ಹಾಳೆಯಲ್ಲಿ ಯುದ್ಧದ ಕಾಲದ ಬೀದಿಯ ಫೋಟೋ, ಅದರ ಹಿಂದೆ ಇವತ್ತಿನ ಬೀದಿ, ಎರಡೂ ಗೆರೆಗೆ ಗೆರೆ ಕೂಡಬೇಕು, ಸೇತುವೆ ಕೂಡಿತು, ರೈಲು ನಿಲ್ದಾಣ ಕೂಡಿತು, ಇದೊಂದೇ ಹಟಮಾರಿ, ಫೋಟೋದಲ್ಲಿ ಎಡಕ್ಕೆ ತಿರುಗುವ ಬೀದಿ ಇಲ್ಲಿ ಬಲಕ್ಕೆ ತಿರುಗುತ್ತದೆ, ಬೆಳಿಗ್ಗೆ ಕೇಳಿದ್ದಕ್ಕೆ ಸಂಗ್ರಹಾಲಯದ ನಿರ್ದೇಶಕರು ಏನಂದರು, ಯುದ್ಧ ಮುಗಿದ ಮೇಲೆ ರಸ್ತೆ ತಿರುಗಿಸಿ ಕಟ್ಟಿದಾರಮ್ಮ, ಸುಮ್ನೆ ಕ್ಲಿಕ್ ಮಾಡು, ನಾಳೆ ಪ್ರದರ್ಶನ — ರಸ್ತೆ ಏನು ಅಂಗಿಯಾ, ತಿರುಗಿಸಿ ಹಾಕ್ಕೊಳ್ಳೋಕೆ? ಫೋಟೋದ ಎಡಗಡೆ ಗೋಡೆಗೆ ಸಾಲಾಗಿ ನಿಲ್ಲಿಸಿದ ಗಂಡಸರು, ಇನ್ನೇನು ಗುಂಡು ಹಾರಬೇಕು, ತುದಿಯಲ್ಲಿ ನಿಂತವನು ಅಜ್ಜಿಯ ಅಣ್ಣ, ಅವನ ಜೇಬಿನಿಂದ ಬಾಚಣಿಗೆ ಇಣುಕುತ್ತಿದೆ, ಸಾಯೋಕೆ ಕರ್ಕೊಂಡು ಹೋಗ್ತಿದಾರೆ ಅಂತ ಗೊತ್ತಿದ್ದೂ ತಲೆ ಬಾಚ್ಕೊಂಡು ಹೋದ ಕಣೇ ಅಂತಾಳೆ ಅಜ್ಜಿ, ಅದನ್ನೇ ನೂರು ಸಲ, ಫೋಟೋದಲ್ಲಿರೋ ಹಾಗೇ ಬೀದಿಯ ಎಡಗಡೆ ಈಗ ಸ್ಮಾರಕದ ಕಲ್ಲು, ವರ್ಷಾ ವರ್ಷ ಎಲ್ಲರೂ ಕಲ್ಲಿನ ಎದುರು ತಲೆ ಬಗ್ಗಿಸಿದರೆ ಅಜ್ಜಿ ಮಾತ್ರ ಕುರ್ಚಿ ತಿರುಗಿಸಿ, ಕಲ್ಲಿಗೆ ಬೆನ್ನು ಹಾಕಿ, ಬಲಗಡೆಯ ಚಪ್ಪಲಿ ಅಂಗಡಿ ನೋಡ್ತಾ ಕೂರ್ತಾಳೆ, ಅಲ್ಲಿ ಅಲ್ಲ ಅವನು ಬಿದ್ದಿದ್ದು, ಇಲ್ಲಿ, ಬಾಗಿಲ ಸಂದಿಯಿಂದ ನೋಡಿದೀನಿ ನಾನು, ಅಮ್ಮಾ ಸ್ವಲ್ಪ ಆ ಕಡೆ ತಿರುಗಮ್ಮ, ಜನ ನಗ್ತಾರೆ, ಅದು ಅಪ್ಪ, ಪಾಪ, ಅರಳು ಮರಳು, ಅದು ಊರು, ನಾಳೆಗಂತೂ ನಿರ್ದೇಶಕರು ಅವಳ ಕುರ್ಚಿಯನ್ನ ನೆಲಕ್ಕೆ ಬಿಗಿಸಿಟ್ಟಿದಾರೆ, ಕಲ್ಲಿನ ಕಡೆಗೆ, ಟೀವಿಯವರು ಬರ್ತಾರಲ್ಲ.

ಜೇಬು — ತಡಿ — ಜೇಬು ಬಲ ಎದೆಯ ಮೇಲಿದೆ, ಇವನದೂ, ಪಕ್ಕದವನದೂ, ಅದರಾಚೆಯವನದೂ, ಊರಿನ ದರ್ಜಿಗಳಿಗೆಲ್ಲ ಒಟ್ಟಿಗೆ ತಲೆ ಕೆಟ್ಟಿತ್ತಾ, ಹಾಳೆ ಕಿತ್ತೆ, ಮಗುಚಿ ಅಂಟಿಸಿದೆ, ಬೀದಿ ಬಲಕ್ಕೆ ತಿರುಗಿತು, ಚರಂಡಿ ಚರಂಡಿಯ ಮೇಲೆ ಕೂತಿತು, ಮೂಲೆಮನೆಯ ಮೆಟ್ಟಿಲು ಮೆಟ್ಟಿಲಿನ ಮೇಲೆ, ಗೋಡೆ ಈ ಕಡೆ, ಚಪ್ಪಲಿ ಅಂಗಡಿಯ ಜಾಗಕ್ಕೆ ಬಂತು, ಗೋಡೆಯ ಜತೆ ಗಂಡಸರೂ ಬಂದರು, ಯಾವನೋ ನೆಗೆಟಿವ್ ಮಗುಚಿ ಹಾಕಿ ಪ್ರಿಂಟ್ ತೆಗೆದ, ಅದನ್ನೇ ನೋಡಿ ಇವರು ಕಲ್ಲು ನೆಟ್ಟರು, ಕಣ್ಣಾರೆ ಕಂಡವಳು ಬದುಕಿದ್ದಳಲ್ಲ, ಒಂದು ಮಾತು ಕೇಳೋಕೆ ಬಾಯಿಗೇನು ಬಡಿದಿತ್ತು ಇವರಿಗೆ? ಫೋನ್ ಮಾಡಿದೆ, ನಿರ್ದೇಶಕರು ನಕ್ಕರು, ಎಡ ಆದ್ರೇನು ಬಲ ಆದ್ರೇನಮ್ಮ, ಸತ್ತೋರೇನು ಎದ್ದು ಬಂದು ಜಗಳ ಆಡ್ತಾರಾ, ಹಳೇದನ್ನೇ ನೇತುಹಾಕ್ತೀವಿ, ನೀನು ಹೊಂದೋ ಹಾಗೆ ಅಂಚು ಕತ್ತರಿಸಿ ಕೊಡು — ಅಂಗಡಿಯವನು ಹೊರಗೆ ಬಂದ, ಕೇಳಿಸಿಕೊಂಡಿದ್ದ ಅಂತ ಕಾಣುತ್ತೆ, ಮೇಡಂ ಕೈ ಮುಗೀತೀನಿ, ಸತ್ತೋರ ಲೆಕ್ಕ ಆ ಕಡೆ, ಚಪ್ಪಲಿ ಲೆಕ್ಕ ಈ ಕಡೆ, ಇಲ್ಲಿಗೆ ಕಲ್ಲು ಗಿಲ್ಲು ತಂದು ಹೊಟ್ಟೆ ಮೇಲೆ ಹೊಡೀಬೇಡಿ, ಸರಿ ರೀ, ಕಲ್ಲು ನನ್ನ ಕೈಲಿಲ್ಲ ಅಂದೆ, ಫೋಟೋ ನನ್ನ ಕೈಲಿದೆ, ಅಂಚು ಕತ್ತರಿಸಲ್ಲ, ತಿರುಗಿಸಿದ್ದನ್ನೇ ಕೊಡ್ತೀನಿ, ಬೇಡ ಅಂದರೆ ನಾನೇ ಹೊತ್ತುಕೊಂಡು ನಿಲ್ತೀನಿ ಟೀವಿಯವರ ಮುಂದೆ, ಸ್ಪ್ಯಾನರ್ ಅಪ್ಪನ ಪೆಟ್ಟಿಗೆಯಲ್ಲಿದೆ, ಅವರು ಬರೋದರೊಳಗೆ ಆ ಕುರ್ಚಿಯ ಬೋಲ್ಟು ಬಿಚ್ಚಬೇಕು, ಈ ಕಡೆ ತಿರುಗಿಸಬೇಕು, ಅಲ್ಲಾಡದ ಹಾಗೆ ಬಿಗಿಯಬೇಕು, ಆಮೇಲೆ ನಗಲಿ ನೋಡೋಣ ಯಾರು ನಗ್ತಾರೋ — ಕ್ಲಿಕ್ — ಗಾಜಿನ ಹಿಂದೆ ಜೋಡಿ ಜೋಡಿ ಹೊಸ ಚಪ್ಪಲಿ, ಗಾಜಿನ ಮೇಲೆ ಸಾಲಾಗಿ ಅವರು, ತುದಿಯಲ್ಲಿ ಅವನು, ತಲೆ ಬಾಚಿದೆ, ಜೇಬು ಎಡ ಎದೆಯ ಮೇಲೆ, ಜೇಬಿನಲ್ಲಿ ಬಾಚಣಿಗೆ, ಬಾಚಣಿಗೆ, ಒಂದು ಹಲ್ಲು ಮುರಿದ ಬಾಚಣಿಗೆ