ಸುಮ್ನೆ ಕೂರುವ ಕಟ್ಟೆ

"ನಕ್ಷೆ ಓದೋಕೆ ಬರದೇ ಇರೋರು ನಕ್ಷೆ ಬಗ್ಗೆ ಮಾತಾಡಬಾರದು. ನೀವು ಕಲ್ಲು ಹಾಸಿ, ಸಾಕು."

ಮೈಕಿನಲ್ಲಿ ಹೀಗೆಂದವಳು ನನ್ನ ಒಡಹುಟ್ಟಿದ ಅಕ್ಕ. ನಮ್ಮ ಬೀದಿಯ ಶಾಲೆಯ ಸಭಾಂಗಣದಲ್ಲಿ ಎಂಬತ್ತು ಜನ ಕೂತಿದ್ದರು. ಅವರಲ್ಲಿ ಅರ್ಧ ಜನ ನನ್ನನ್ನು ಮೂಗು ಒರೆಸಿಕೊಳ್ಳಲು ಬಾರದ ಕಾಲದಿಂದ ಬಲ್ಲವರು. ಮೊದಲು ಯಾರೋ ಒಬ್ಬರು ಕಿಸಕ್ಕೆಂದರು, ಆಮೇಲೆ ಇಡೀ ಸಭೆ ನಕ್ಕಿತು. ನನ್ನ ಪಕ್ಕದಲ್ಲೇ ಇದ್ದ ನಮ್ಮ ಮೇಸ್ತ್ರಿಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಆ ನಗುವನ್ನು ಬೇಕಾದರೆ ನುಂಗಿಕೊಳ್ಳಬಹುದು. ನನಗೆ ನಾಟಿದ್ದು "ನೀವು" ಎಂಬ ಮಾತು. ಹುಟ್ಟಿದಾಗಿನಿಂದ "ಲೋ" ಎಂದೇ ಕರೆದವಳು, ಅಷ್ಟು ಜನರ ಮುಂದೆ ನನಗೆ ಬಹುವಚನ ಕೊಟ್ಟು ಹೊಸ್ತಿಲಾಚೆ ನಿಲ್ಲಿಸಿದಳು.

ನಾನು ಕೇಳಿದ್ದು ದೊಡ್ಡದೇನಲ್ಲ. ಅಕ್ಕ ಈಗ ನಗರ ಯೋಜನೆಯ ಆಫೀಸಿನಲ್ಲಿ ಬೀದಿಗಳಿಗೆ ನಕ್ಷೆ ಬರೆಯುವವಳು. ನಮ್ಮ ಬೀದಿಯನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ಅವಳ ಕೈಗೇ ಬಂದಿತ್ತು. ಕಲ್ಲು ಹಾಸುವ ಗುತ್ತಿಗೆ ನಮ್ಮ ಮೇಸ್ತ್ರಿಗೆ ಸಿಕ್ಕಿತ್ತು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿದ್ದಿದ್ದ ಅವಳ ನಕ್ಷೆಯ ಚಿತ್ರ ನೋಡಿ, "ಮುಚ್ಚಿರೋ ಪುಸ್ತಕದಂಗಡಿ ಮುಂದಿನ ಕಟ್ಟೆ ಎಲ್ಲಿ?" ಎಂದು ಕೇಳಿದೆ. "ಸರ್ವೇಲಿ ಅದಕ್ಕೆ ಉಪಯೋಗ ಇಲ್ಲ ಅಂತ ಬಂದಿದೆ, ಅಲ್ಲಿ ಹೂವಿನ ಪಾತಿ ಬರುತ್ತೆ" ಎಂದಳು. "ಹಾಗಾದ್ರೆ ನಕ್ಷೆ ತಪ್ಪು" ಎಂದೆ. ಅದಕ್ಕೆ ಆ ಉತ್ತರ.

ನಕ್ಷೆ ಓದಲು ನನಗೆ ಬರುತ್ತದೆ. ದುಂಡಗಿನ ಸುತ್ತು ಎಂದರೆ ಮರ, ಜೋಡಿಗೆರೆ ಎಂದರೆ ಗೋಡೆ, ಗೆರೆ ತುಂಡಾದರೆ ಅಲ್ಲಿ ಬಾಗಿಲು. ಕಲಿಸಿದವಳು ಅವಳೇ, ಕಲಿತದ್ದು ಅದೇ ಕಟ್ಟೆಯ ಮೇಲೆ.

ಆಗ ನಮ್ಮ ಮನೆಗೆ ಇದ್ದದ್ದು ಒಂದೇ ಕೀಲಿಕೈ. ಅದು ಅಮ್ಮನ ಚೀಲದಲ್ಲಿರುತ್ತಿತ್ತು, ಅಮ್ಮ ಬಟ್ಟೆ ಕಾರ್ಖಾನೆಯಲ್ಲಿರುತ್ತಿದ್ದಳು. ಶಾಲೆ ನಾಲ್ಕಕ್ಕೆ ಬಿಟ್ಟರೆ ಕಾರ್ಖಾನೆಯ ಬಸ್ಸು ಮೂಲೆಗೆ ಬರುತ್ತಿದ್ದದ್ದು ಆರೂವರೆಗೆ. ಆ ಎರಡೂವರೆ ಗಂಟೆ ಅಕ್ಕನೂ ನಾನೂ ಆ ಕಟ್ಟೆಯ ಮೇಲೆ. ಎರಡು ಉದ್ದನೆಯ ಚಪ್ಪಡಿ, ಕೆಳಗೆ ಇಟ್ಟಿಗೆ, ಅಷ್ಟೇ. ನಾನು ಜಾಗಕ್ಕಾಗಿ ಜಗಳ ತೆಗೆಯುತ್ತೇನೆಂದು ಅವಳು ಮೊಳೆಯಿಂದ ಚಪ್ಪಡಿಯ ನಡುವೆ ಒಂದು ಗೆರೆ ಕೊರೆದಿದ್ದಳು. ಈಚೆ ನಂದು, ಆಚೆ ನಿಂದು. ನಾನು ನಿದ್ದೆಗೆ ಜಾರಿದರೆ ಮಾತ್ರ ಗೆರೆ ಲೆಕ್ಕಕ್ಕಿಲ್ಲ. ತಲೆ ಅವಳ ತೊಡೆಯ ಮೇಲೆ, ಉರುಳಿ ಬೀಳದಂತೆ ಅಂಚಿನಲ್ಲಿ ಅವಳ ಪುಸ್ತಕದ ಚೀಲ. ಎಚ್ಚರವಾದಾಗ ಕಲ್ಲಿನ ಮೇಲೆ ಸೀಮೆಸುಣ್ಣದ ಬೀದಿಯೊಂದು ಇರುತ್ತಿತ್ತು, ತುಂಬ ಮರಗಳು, ಒಂದೂ ಕಾರಿಲ್ಲ.

ಗೋಡೆಯ ಮೇಲಿನ ಚಿತ್ರದಲ್ಲೂ ಮರಗಳು ಅದೇ ಸುತ್ತುಗಳಾಗಿದ್ದವು. ಬೇರೆ ಯಾರು ಬರೆದಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ.

ಅವತ್ತು ಮನೆಗೆ ಹೋದರೆ ಅಮ್ಮ, "ಅವಳು ಓದಿದವಳು, ಯೋಚನೆ ಮಾಡಿಯೇ ಹೇಳಿರ್ತಾಳೆ" ಎಂದಳು. ನಾನು ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟರಿಗೆ ಎದುರಾಡಿ ಶಾಲೆಗೆ ಕೈಮುಗಿದವನು. ಈ ಮಾತು ನನಗೆ ದಿನದ ಊಟದಷ್ಟೇ ರೂಢಿ. ತಟ್ಟೆ ಸರಿಸಿ ಎದ್ದೆ.

ಉಪಯೋಗ ಇಲ್ಲ ಎಂದವರು ಯಾರು? ಮರುದಿನ ಕಟ್ಟೆಯ ಮೇಲೆ ಕೂತಿದ್ದ ಟೈಲರ್ ಅಜ್ಜಿಯನ್ನು ಕೇಳಿದೆ. ಹೊಲಿಗೆ ಬಿಟ್ಟು ಹತ್ತು ವರ್ಷವಾದರೂ ಅಜ್ಜಿಯ ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತದೆ.

"ಫಾರಂ ಹಿಡ್ಕೊಂಡು ಒಂದು ಹುಡುಗಿ ಬಂದಿತ್ತಪ್ಪ. ಇಲ್ಲೇನು ಮಾಡ್ತೀರಿ ಅಜ್ಜಿ ಅಂತು. ಸುಮ್ನೆ ಕೂತಿದೀನಿ ಅಂದೆ."

"ಆಮೇಲೆ?"

"ಬೇರೆ ಏನಾದ್ರೂ ಮಾಡ್ತೀರಾ ಅಂತು. ಏನಿಲ್ಲಮ್ಮ, ಸುಮ್ನೆ ಅಂದೆ. ಬರ್ಕೊಂಡು ಹೋಯ್ತು. ಪಾಪ, ಅಕ್ಷರ ಮುತ್ತಿನ ಹಾಗಿತ್ತು."

ಆ ಹುಡುಗಿ ನನ್ನನ್ನೂ ಕೇಳಿದ್ದಳು. ಕೆಲಸ ಮುಗಿಸಿ ಬಂದು ದಿನಾ ಇಲ್ಲಿ ಯಾಕೆ ಕೂರ್ತೀರಿ ಎಂದಿದ್ದಳು. ನಾನೂ "ಸುಮ್ನೆ" ಎಂದಿದ್ದೆ. ಇಡೀ ಬೀದಿಯೇ ಅದನ್ನು ಹೇಳಿರಬೇಕು. ನಮ್ಮಲ್ಲಿ ಇನ್ನೇನು ಹೇಳುತ್ತಾರೆ? ಎದೆಯಲ್ಲಿ ಎಷ್ಟು ಭಾರವಿದ್ದರೂ ಯಾಕೆ ಬಂದೆ ಎಂದರೆ ಸುಮ್ನೆ, ಯಾಕೆ ಫೋನ್ ಮಾಡಿದೆ ಎಂದರೆ ಸುಮ್ನೆ. ಆಫೀಸಿನಲ್ಲಿ ಯಾರೋ ಎಲ್ಲ ಸುಮ್ನೆಗಳನ್ನೂ ಕೂಡಿಸಿ "ಉಪಯೋಗ: ಇಲ್ಲ" ಎಂದು ಬರೆದರು. ಅಕ್ಕ ಅದನ್ನು ನಂಬಿ ನಕ್ಷೆಯಲ್ಲಿ ಹೂವು ನೆಟ್ಟಳು.

ಕೆಲಸ ಶುರುವಾಯಿತು. ಕೋಪವಿದ್ದರೂ ಸುಳ್ಳು ಹೇಳಲಾರೆ, ಅವಳ ನಕ್ಷೆ ಚೆನ್ನಾಗಿಯೇ ಇತ್ತು. ಆಚೆ ದೊಡ್ಡ ರಸ್ತೆ ಬಂದಮೇಲೆ ನಮ್ಮ ಬೀದಿಯ ಅಂಗಡಿಗಳು ಒಂದೊಂದಾಗಿ ಶಟರ್ ಎಳೆದಿದ್ದವು. ಇದನ್ನು ಅಡ್ಡದಾರಿ ಮಾಡಿಕೊಂಡ ಕಾರುಗಳು ಬಾಣದ ಹಾಗೆ ನುಗ್ಗುತ್ತಿದ್ದವು. ಅವಳು ದಾರಿಯನ್ನು ಕಿರಿದು ಮಾಡಿ, ಎರಡು ಕಡೆ ಬಾಗಿಸಿ, ಕಾರುಗಳ ಸೊಕ್ಕು ಮುರಿದಳು. ಕಾಲುದಾರಿ ಎರಡರಷ್ಟು ಅಗಲವಾಯಿತು. ನಾವು ಕಲ್ಲು ಹಾಸುತ್ತಾ ಮುಂದೆ ಹೋದಂತೆ ಹಿಂದೆ ಮಕ್ಕಳು ಸೈಕಲ್ ತಂದರು. ಇಬ್ಬರು ಶಟರ್ ಎತ್ತಿ ಜೇಡರ ಬಲೆ ಹೊಡೆದರು. ಬೆಂಚುಗಳೂ ಬಂದವು, ನಡುವೆ ಕಬ್ಬಿಣದ ಕೈಯೊರಗು ಇಟ್ಟ ಒಬ್ಬೊಬ್ಬರ ಬೆಂಚುಗಳು. ಅವುಗಳ ಮೇಲೆ ಮಗುವಿನ ತಲೆಯನ್ನು ತೊಡೆಗಿಟ್ಟು ಮಲಗಿಸಲು ಆಗುವುದಿಲ್ಲ.

ನಲವತ್ತನೇ ದಿನ ಪುಸ್ತಕದಂಗಡಿಯ ಮುಂದೆ ಬಂದೆವು. ಮೇಸ್ತ್ರಿ, "ಆ ಚಪ್ಪಡಿ ಕಿತ್ತು ಟ್ರ್ಯಾಕ್ಟರಿಗೆ ಹಾಕು, ಪಾತಿಗೆ ಆರಿಂಚು ಅಂಚುಗಲ್ಲು ಕೂರಿಸು" ಎಂದು ಹೇಳಿ ಸಿಮೆಂಟ್ ತರಲು ಹೋದ. ಹಾರೆ ಹಾಕಿ ಎಬ್ಬಿಸಿದೆ. ಅಜ್ಜಿ ಎದುರು ಬೆಂಚಿನ ತುದಿಯಲ್ಲಿ, ಬಾಡಿಗೆ ಮನೆಗೆ ಬಂದವಳಂತೆ ಕೂತು ನೋಡುತ್ತಿದ್ದಳು.

"ಅಜ್ಜಿ, ನಿಮ್ಮ ಮಂಡಿ ಎಷ್ಟು ಎತ್ತರ?"

"ಯಾಕೋ, ಪ್ಯಾಂಟ್ ಹೊಲಿಸ್ತೀಯಾ?"

ಆದರೂ ಟೇಪು ಹಿಡಿದು ಅಳೆದಳು. ಹದಿನೇಳು ಇಂಚು. ಪಾತಿಯ ಮೂರು ಬದಿಗೂ ಆರಿಂಚು ಕೂರಿಸಿ, ಬೀದಿಯ ಕಡೆಯ ಎಂಟಡಿಯನ್ನು ಇಟ್ಟಿಗೆಯಿಂದ ಎತ್ತರಿಸಿದೆ. ಅದರ ಮೇಲೆ ಹಳೆಯ ಚಪ್ಪಡಿ ಮಲಗಿಸಿ, ದಾರ ಕಟ್ಟಿ, ರಸಮಟ್ಟ ಇಟ್ಟು ನೋಡಿದೆ. ನನ್ನ ಕೈಯಿಂದ ಅಷ್ಟು ಸಮನಾದ ಕೆಲಸ ಹಿಂದೆಂದೂ ಆಗಿರಲಿಲ್ಲ. ಮೊಳೆಯ ಗೆರೆ ಮೇಲಕ್ಕೇ ಬರುವಂತೆ ಇಟ್ಟೆ.

ಮೇಸ್ತ್ರಿ ಬಂದು ತಲೆ ಚಚ್ಚಿಕೊಂಡ. "ಆರಿಂಚು ಅಂದ್ರೆ ಹದಿನೇಳು ಎಲ್ಲಿಂದ ಬಂತೋ?"

"ನಕ್ಷೆ ಓದೋಕೆ ಬರಲ್ಲ ಅಲ್ವಾ ನಂಗೆ" ಎಂದೆ.

ಮೂರು ದಿನದ ಮೇಲೆ ಅಕ್ಕ ಪರಿಶೀಲನೆಗೆ ಬಂದಳು, ಜೊತೆಗೊಬ್ಬ ಇಂಜಿನಿಯರ್. ಅಷ್ಟರಲ್ಲಿ ಅಜ್ಜಿ ತನ್ನ ಜಾಗ ಹಿಡಿದಾಗಿತ್ತು. ಇಂಜಿನಿಯರ್ ಟೇಪು ಹಿಡಿದವನೇ, "ಮೇಡಂ, ಇದು ಡ್ರಾಯಿಂಗಿನಲ್ಲಿಲ್ಲ. ನಾಳೆ ಒಡೆಸ್ತೀನಿ" ಎಂದ.

"ಒಡೆಸಪ್ಪ" ಎಂದಳು ಅಜ್ಜಿ. "ನನ್ನನ್ನ ಎಬ್ಬಿಸೋಕೆ ಯಾರನ್ನ ಕರೆಸ್ತೀಯೋ ಕರೆಸು."

ನಾನು ಬಕೆಟ್ಟಿನಲ್ಲಿ ಗಾರೆ ಮೆತ್ತಿದ್ದ ಕರಣೆ ತೊಳೆಯುತ್ತಿದ್ದೆ. ಅಕ್ಕ ಕಟ್ಟೆಯ ಬಳಿ ಬಂದಳು. ಕೈಯಿಂದ ಧೂಳು ಒರೆಸಿದಳು. ಅವಳ ಬೆರಳು ಗೆರೆಯ ಮೇಲೆ ಹೋಯಿತು. ಬೆರಳು ನಿಲ್ಲಲಿಲ್ಲ, ಗೆರೆ ದಾಟಿ ಹೋಯಿತು. ಸರಿಯಾಗಿ ಅದರ ಮೇಲೆಯೇ ಕೂತಳು, ಅತ್ತಲೂ ಅಲ್ಲ, ಇತ್ತಲೂ ಅಲ್ಲ.

"ಬೇಡ, ಇರಲಿ ಬಿಡಿ" ಎಂದಳು ಇಂಜಿನಿಯರಿಗೆ. "ಚೆನ್ನಾಗೇ ಕಾಣುತ್ತೆ. ಡ್ರಾಯಿಂಗ್ ನಾನು ತಿದ್ದಿ ಕಳಿಸ್ತೀನಿ."

ಮೇಸ್ತ್ರಿ ನಿಟ್ಟುಸಿರು ಬಿಟ್ಟ. ಅಜ್ಜಿ ನನ್ನತ್ತ ಹುಬ್ಬು ಹಾರಿಸಿದಳು. ಕಟ್ಟೆ ಉಳಿಯಿತು.

ಅಕ್ಕ ಫೈಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು, ಪೆನ್ನಿನ ಮುಚ್ಚಳ ತೆಗೆದಳು.

"ಉಪಯೋಗ ಅನ್ನೋ ಕಾಲಂ ಖಾಲಿ ಬಿಡೋ ಹಾಗಿಲ್ಲ. ಏನಂತ ಬರೀಲಿ? ಲೋ, ನಿನ್ನನ್ನೇ ಕೇಳ್ತಿರೋದು. ಇಷ್ಟೆಲ್ಲ ಹಠ ಮಾಡಿ ಉಳಿಸಿದೀಯಲ್ಲ, ಏನಿದೆ ಇದರಲ್ಲಿ?"

ಆ "ಲೋ" ಕೇಳಲು ಆ ಸಭೆಯ ದಿನದಿಂದ ಕಾದಿದ್ದೆ. ಬಂತು. ಆದರೆ ಅದರ ಹಿಂದೆಯೇ ಈ ಪ್ರಶ್ನೆಯೂ ಬಂತು. ಅವಳ ಮುಖ ನೋಡಿದೆ. ತಮಾಷೆಯಲ್ಲ, ತಾನೇ ಕೊರೆದ ಗೆರೆಯ ಮೇಲೆ ಕೂತೂ ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.

ಕರಣೆಯನ್ನು ಗೋಣಿಯಲ್ಲಿ ಒರೆಸಿ ಚೀಲಕ್ಕೆ ಹಾಕಿದೆ. ದಾರ ಸುತ್ತಿದೆ, ರಸಮಟ್ಟ ಎತ್ತಿಕೊಂಡೆ.

"ಹೇಳೋ" ಎಂದಳು.

ನಾನೇ ಹಾಸಿದ ಕಲ್ಲುಗಳ ಮೇಲೆ ಆಗ ಅಮ್ಮನ ಬಸ್ಸು ಬರುತ್ತಿದ್ದ ಮೂಲೆಯ ಕಡೆಗೆ ನಡೆದುಬಿಟ್ಟೆ.