ಸರಳಿಗೆ ಕಚ್ಚಿದ ಕಿಟ್ಟ

ಯುದ್ಧದ ಮೂರನೆಯ ವರ್ಷ ಕಲ್ಲಿದ್ದಲೆಲ್ಲ ರೈಲಿನ ಪಾಲಾಯಿತು. ಹುಬ್ಬಳ್ಳಿಯ ಕುಬೇರಪ್ಪ ಸಾಹುಕಾರರ ಹತ್ತಿ ಗಿರಣಿಯ ಬಾಯ್ಲರಿಗೆ ಹೆಬ್ಬಳ್ಳಿಯ ಹೊಲಗಳಿಂದ ಹತ್ತಿಕಟ್ಟಿಗೆ ಬರತೊಡಗಿತು. ಬೇರುಸಹಿತ ಕಿತ್ತದ್ದು; ಬೇರಿನ ತುಂಬ ಎರೆಮಣ್ಣು. ಉರಿಯೇನೋ ಜೋರಾಗಿಯೇ ಏಳುತ್ತಿತ್ತು. ಆದರೆ ಬೂದಿ ಕೆಳಗೆ ಉದುರದೆ, ಮಣ್ಣಿನೊಡನೆ ಕರಗಿ, ಬೆಲ್ಲದ ಪಾಕದಂತೆ ಹರಿದು ಒಲೆಯ ಸರಳುಗಳ ಸಂದಿಯಲ್ಲಿ ಕಲ್ಲಿನಂಥ ಕಿಟ್ಟವಾಗಿ ಕೂಡುತ್ತಿತ್ತು. ಗಾಳಿ ಆಡದು, ಉಗಿ ಏರದು.

ಹದಿನೆಂಟು ವರ್ಷದಿಂದ ಆ ಒಲೆ ನೋಡಿಕೊಂಡಿದ್ದ ಖಾದರಬಾಷಾನ ಅಂಗೈ ಹಾರೆಯಿಂದ ಮೀಟಿ ಮೀಟಿ ಬೊಬ್ಬೆಯೆದ್ದಿತ್ತು. ಬೆಂಕಿ ಆರಿಸಿ ಒಂದು ದಿನ ತಣಿಸಿದರೆ ಕಿಟ್ಟ ಸುತ್ತಿಗೆಗೆ ಸಿಡಿದು ಬರುತ್ತಿತ್ತು. ಆದರೆ ಆರಿಸುವಂತಿರಲಿಲ್ಲ. ಮಠದಿಂದ ಕೆಂಡ ತಂದು ಒಲೆ ಹೊತ್ತಿಸಿದರೆ ಹಂಗಾಮು ಮುಗಿಯುವವರೆಗೆ ಅದು ಆರಬಾರದೆಂಬುದು ಆ ಮನೆತನದ ನೇಮ. ಈ ಸಲ ಹೊತ್ತಿಸಿದವಳು ಸಾಹುಕಾರರ ಹೆಂಡತಿ ಶಿವಲಿಂಗವ್ವ. ಹನ್ನೊಂದನೆಯ ದಿನಕ್ಕೆ ಆಕೆ ಲಿಂಗೈಕ್ಯಳಾದಳು.

“ಸಾವ್ಕಾರ್ರ, ಒಂದ ದಿನ ಆರಸೂಣ್ರಿ. ಇಲ್ಲಾಂದ್ರ ಸರಳು ಸುಟ್ಟು ಬಗ್ಗತಾವ, ಗಿರಣಿ ಬಂದ್ ಬೀಳತೈತಿ.”

“ಆಕಿ ಹಚ್ಚಿದ ಬೆಂಕಿ ಅದು. ಇನ್ನೊಮ್ಮೆ ಆ ಮಾತ ತಗೀಬ್ಯಾಡ.”

“ನನಗೂ ಅವ್ವನಂಥಾಕಿ ಇದ್ಲರಿ. ಆದ್ರ ಈ ಹಾಳ ಕಿಟ್ಟಕ್ಕ ನಿಮ್ಮ ನೇಮ ಎಲ್ಲಿ ಗೊತ್ತೈತ್ರಿ?”

“ಕೈಲಾಗಲಿಲ್ಲಂದ್ರ ಸರಿ ಅತ್ತಾಗ. ನಾನ ತಗೀತೇನಿ!”

ಸಾಹುಕಾರರು ಧೋತರ ಮೇಲೆ ಕಟ್ಟಿ ಹಾರೆ ನುಗ್ಗಿಸಿದರು. ಹಾರೆ ಕಿಟ್ಟದಲ್ಲಿ ಸಿಕ್ಕಿತು. ಎಷ್ಟು ಜಗ್ಗಿದರೂ ಹಿಂದಕ್ಕೆ ಬರಲಿಲ್ಲ. ಬೆವರಿಗೆ ಹಣೆಯ ವಿಭೂತಿ ಕಣ್ಣಿಗಿಳಿಯಿತು. ಬುತ್ತಿ ತಂದಿದ್ದ ಅವರ ಅಕ್ಕ ಮುರಿಗೆವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

“ಏ ಕುಬೇರಾ, ಶಿವಲಿಂಗಿ ಹಚ್ಚಿದ ಬೆಂಕಿ ಇಲ್ಲೇ ಹುಟ್ಟಿತ್ತೇನು? ಮಠದಿಂದ ತಂದಿದ್ಲಲ್ಲೋ! ಅಲ್ಲಿಂದ ಇಲ್ಲಿಗೆ ಬಂದಿದ್ದು ಒಂದ ದಿನ ನನ್ನ ಒಲ್ಯಾಗ ಇದ್ರ ಕೆಡತೈತೇನು?”

ಸಾಹುಕಾರರು ಹಾರೆಯ ಹಿಡಿ ಬಿಟ್ಟರು. ಆಮೇಲೆ ಅಗ್ಗಿಷ್ಟಿಗೆ ತರಿಸಿ, ಕೆಂಡ ತುಂಬಿಕೊಂಡು, ಯಾರ ಕೈಗೂ ಕೊಡದೆ ತಾವೇ ಅಕ್ಕನ ಮನೆಗೆ ಹೊತ್ತು ನಡೆದರು.

ಮರುದಿನ ಖಾದರಬಾಷಾ ಒಲೆಯೊಳಗೆ ನುಸುಳಿ ಚಕ್ಕಡಿ ತುಂಬ ಕಿಟ್ಟ ಒಡೆದು ತೆಗೆದ. ಕೆಂಡ ಮರಳಿ ಬಂತು, ಉಗಿ ಏರಿತು. ಐದನೆಯ ದಿನಕ್ಕೆ ಮತ್ತೆ ಗಾಳಿ ಕಟ್ಟಿತು.

ಖಾದರಬಾಷಾ ಹಾರೆ ಎಸೆದು ಹೇಳಲು ಹೊರಟರೆ, ಸಾಹುಕಾರರು ಆಗಲೇ ಅಗ್ಗಿಷ್ಟಿಗೆ ಹಿಡಿದು ಬರುತ್ತಿದ್ದರು.

“ಬೇರು ಕೊಯ್ದ ತರ್ರಿ ಅಂತ ಚಕ್ಕಡಿಯವರಿಗೆ ಹೇಳಬಾರದೇನೋ?”

“ನಾಕ ಸಲ ಹೇಳೇನ್ರಿ. ‘ಬೂದಿ ಆಗೂದಕ್ಕ ಇಷ್ಟ್ಯಾಕ ಸಿಂಗಾರ’ ಅಂತಾರ.”

“ಶಿವನ!” ಎಂದು ಸಾಹುಕಾರರು ಕುಕ್ಕರಿಸಿ ಕೂತು ಒಲೆಯ ಕೆಂಡ ಹೆಕ್ಕಿ ಅಗ್ಗಿಷ್ಟಿಗೆಗೆ ತುಂಬತೊಡಗಿದರು. “ನಾಳೆ ನಾನ ಹೆಬ್ಬಳ್ಳಿಗೆ ಹೋಗತೇನಿ. ನೀ ಸುತ್ತಿಗಿ ತಗೋ.”